ಬಾಳೆನಾರಿನ ಅಳತೆ

ಭೂಮಿ ಅದುರಿದರೂ ಸರಿ, ಆಕಾಶ ಕಳಚಿ ಬಿದ್ದರೂ ಸರಿ, ಈ ಕ್ರಿಸ್‌ಮಸ್ಸಿಗೆ ತಾನು ಮನೆಯಲ್ಲಿರುವವಳೇ ಎಂದು ನಮತೋವು ಹೆರಿಗೆ ವಾರ್ಡಿನ ನಟ್ಟನಡುವೆ ನಿಂತು ಘೋಷಿಸಿದಳು. ಕೈಯಲ್ಲಿದ್ದದ್ದು ನೆಲ ಒರೆಸುವ ಕೋಲು. ಹಿಡಿದದ್ದು ಮಾತ್ರ ರಾಜದಂಡದ ಹಾಗೆ. ಮಸಾಕ ಊರಿನ ಆ ಆಸ್ಪತ್ರೆಯಲ್ಲಿ ಆಯಾ ಆದಾಗಿನಿಂದ ಅವಳು ಒಂದು ಕ್ರಿಸ್‌ಮಸ್ಸಿಗೂ ಮನೆಯಲ್ಲಿದ್ದವಳಲ್ಲ. ಊರೆಲ್ಲ ಕೋಳಿ ತಿನ್ನುವ ದಿನವೇ ಹುಟ್ಟುತ್ತೇವೆಂದು ಕೂಸುಗಳು ಹಟ ಹಿಡಿದರೆ ಆಯಾಗಳಾದರೂ ಏನು ಮಾಡಿಯಾರು?

"ಅವತ್ತು ನಿನಗೆ ರಜ ಕೊಡೋರು ಯಾರಮ್ಮ?" ಎಂದಳು ಜೊತೆಯ ಆಯಾ ಬಬಿರ್ಯೆ.

"ನೀನೇ. ಅವತ್ತೊಂದು ದಿನ ನನ್ನ ಪಾಳಿ ನೀನು ಮಾಡು. ಅಲ್ಲೀವರೆಗೂ, ಈ ಒಂದು ತಿಂಗಳು, ನಿನ್ನ ಸಂಜೆ ಪಾಳಿಯೆಲ್ಲ ನಂದು. ನನ್ನ ವಾರದ ರಜಾನೂ ನೀನೇ ತಗೋ."

"ಮತ್ತೆ ಮಗಳು?"

"ಅವಳಿಗೋಸ್ಕರ ತಾನೇ ಇದೆಲ್ಲ?"

ವ್ಯಾಪಾರ ಕುದುರಿತು. ಅಲ್ಲಿಂದ ಮುಂದೆ ನಮತೋವು ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲೇ ಮನೆ ಸೇರುವವಳಾದಳು. ಗಂಡ ಸೆಬುನ್ಯ ಬಡಗಿ. ಜಗಲಿಯಲ್ಲೇ ಕೆಲಸ ಮಾಡಿಕೊಂಡು ಆರು ವರ್ಷದ ಮಿರೆಂಬೆಗೆ ಸ್ನಾನ, ಊಟ, ಶಾಲೆ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಿದ್ದ. ನಮತೋವು ಬರುವ ಹೊತ್ತಿಗೆ ಮಗಳು ಮೊಣಕಾಲನ್ನು ಹೊಟ್ಟೆಗೆ ಸೇರಿಸಿಕೊಂಡು ಚಾಪೆಯ ಮೇಲೆ ಮುದುಡಿ ಮಲಗಿರುತ್ತಿದ್ದಳು. ಇವಳು ಹಣೆ ಸವರಿ, ಹೊದಿಕೆ ಸರಿಮಾಡಿ, ಪಕ್ಕದಲ್ಲಿ ಉರುಳಿಕೊಳ್ಳುವಳು.

"ನಿನ್ನ ನೋಡ್ಬೇಕು ಅಂತ ಮಗಳು ನಿನ್ನೆ ಕೂತೇ ಇದ್ಲು, ಮಿರೆಂಬೆ ಅಮ್ಮಾ. ಕೂತಲ್ಲೇ ನಿದ್ದೆ ಹೋದ್ಲು" ಎಂದ ಸೆಬುನ್ಯ ಒಂದು ದಿನ.

"ಕ್ರಿಸ್‌ಮಸ್ ಬರಲಿ ಬಿಡಿ. ನೋಡಿ ನೋಡಿ ಸಾಕಪ್ಪಾ ಅನ್ನೋ ಹಾಗೆ ಮಾಡ್ತೀನಿ."

ಹೇಳುವಾಗ ನಗುತ್ತಲೇ ಹೇಳಿದಳು. ಆದರೆ ಗಂಡನ ಆ ಮಾತು ಬಸ್ಸಿನ ದಾರಿಯುದ್ದಕ್ಕೂ ಅವಳ ಎದೆಯೊಳಗೆ ಕೂತೇ ಇತ್ತು. ಅದಕ್ಕೇ ಹೊಸ ಅಂಗಿಯ ಯೋಚನೆ ಬಂದದ್ದು. ಹಬ್ಬದ ದಿನ ಮಕ್ಕಳು ಹೊಸ ಬಟ್ಟೆಯಲ್ಲೇ ಚರ್ಚಿಗೆ ಹೋಗಬೇಕು. ಮಿರೆಂಬೆಗೆ ಇದುವರೆಗೆ ಸಿಕ್ಕಿದ್ದೆಲ್ಲ ಸಂತೆಯ ರಾಶಿಯಿಂದ ಹೆಕ್ಕಿದ, ಬೇರೆ ಯಾವುದೋ ಮಗು ತೊಟ್ಟು ಬಿಟ್ಟ ಅಂಗಿಗಳು. ಈ ಸಲ ಅವಳ ಮೈಗೇ ಹೊಲಿಸಿದ್ದು ಆಗಬೇಕು. ಅದೂ ಗುಟ್ಟಾಗಿ, ಅಪ್ಪ ಮಗಳು ಇಬ್ಬರೂ ಬೆಚ್ಚಿಬೀಳುವಂತೆ.

"ಮಗೂನ ಕರ್ಕೊಂಡ್ ಬನ್ನಿ" ಎಂದ ದರ್ಜಿ ಕಸುಲೆ.

ನಮತೋವು ಎರಡು ತುದಿಗೂ ಗಂಟು ಹಾಕಿದ ಬಾಳೆನಾರೊಂದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. "ಅಳತೆ ತಂದಿದೀನಿ. ಹೆಗಲಿಂದ ಮೊಣಕಾಲಿಗೆ."

ಕಸುಲೆ ನಾರನ್ನು ಎತ್ತಿ ಹಿಡಿದು ನೋಡಿದ. "ಆರು ವರ್ಷ ಅಂದ್ರಲ್ಲಾ? ಇದು ಮೂರು ವರ್ಷದ ಮಗೂದರ ಹಾಗಿದೆ."

"ಹೆತ್ತೋಳು ನಾನಾ, ನೀನಾ? ನನ್ನ ಮಗಳ ಅಳತೆ ನನಗೇ ಹೇಳಿಕೊಡ್ತೀಯಾ?"

ಹಬ್ಬದ ಹೊತ್ತಿನ ಗಿರಾಕಿಯ ಜೊತೆ ಯಾವ ದರ್ಜಿ ವಾದ ಮಾಡುತ್ತಾನೆ? ಕೊಟ್ಟ ಅಳತೆಗೆ ಹೊಲಿದುಕೊಟ್ಟ. ಹಳದಿ ಬಟ್ಟೆ, ಕತ್ತಿಗೆ ಬಿಳಿ ಪಟ್ಟಿ.

ಕ್ರಿಸ್‌ಮಸ್ ಬೆಳಗಾಯಿತು. ಬಾಳೆಲೆಯಲ್ಲಿ ಕಟ್ಟಿದ ಕೋಳಿ ಒಲೆಯ ಮೇಲೆ ಬೇಯುತ್ತಿತ್ತು. ಮಿರೆಂಬೆ ಕಣ್ಣುಜ್ಜಿಕೊಂಡು ಎದ್ದು ನಿಂತಳು. ನಮತೋವು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಈ ಹುಡುಗಿ ಇಷ್ಟುದ್ದ ಇದ್ದಳೇ? ಆದರೂ ಸೇನಾಪತಿಯ ಗತ್ತಿನಲ್ಲಿ ಅಂಗಿ ಹೊರತೆಗೆದು, ಕೈ ಎತ್ತು ಎಂದು ತಲೆಯ ಮೇಲಿಂದ ಇಳಿಸಿದಳು. ಅಂಗಿ ಅರ್ಧ ಇಳಿಯಿತು. ಆಮೇಲೆ ಕೆಳಗೂ ಬರಲೊಲ್ಲದು, ಮೇಲಕ್ಕೂ ಹೋಗಲೊಲ್ಲದು. ಎತ್ತಿದ ಕೈ ಎತ್ತಿದಂತೆಯೇ ಮಗಳು ನಿಂತುಬಿಟ್ಟಳು.

"ಅಮ್ಮಾ, ಏನೂ ಕಾಣಿಸ್ತಿಲ್ಲ" ಎಂದಿತು ಒಳಗಿನಿಂದ ಧ್ವನಿ.

"ಉಳಿ ತರ್ಲಾ?" ಎಂದ ಸೆಬುನ್ಯ.

"ತಮಾಷೆ ಸಾಕು. ಆ ಕಡೆ ಹಿಡ್ಕೊಂಡು ಎಳೀರಿ."

ಅವನು ಆ ಕಡೆ ಎಳೆದ, ಇವಳು ಈ ಕಡೆ ಎಳೆದಳು. ನಡುವೆ ಮಗಳು ಕಿಲಕಿಲ ನಕ್ಕಳು. ಕಂಕುಳ ಹೊಲಿಗೆ ಪರ್ರೆಂದು ಬಿಟ್ಟುಕೊಂಡಿತು. ಅತ್ತ ಚರ್ಚಿನ ಗಂಟೆ ಹೊಡೆಯಿತು. ಇತ್ತ ಒಲೆಯ ಮೇಲೆ ನೀರು ಆರಿ ಕೋಳಿ ಸೀದು ಮನೆಯೆಲ್ಲ ಹೊಗೆಯಾಯಿತು. ಒಂದು ತಿಂಗಳ ಪಾಳಿಗಳನ್ನೆಲ್ಲ ಸುರಿದು ಕೊಂಡ ಬೆಳಗು ಇಷ್ಟರಲ್ಲೇ ಮುಗಿದಿತ್ತು.

ಅಂತೂ ಅಂಗಿ ಮೈಗೇರಿತು. ಅಂಚು ಸೊಂಟದಿಂದ ಒಂದು ಗೇಣು ಕೆಳಗೆ ಬಂದು ನಿಂತಿತು.

ನಮತೋವು ನೆಲಕ್ಕೆ ಕುಸಿದು ಅತ್ತುಬಿಟ್ಟಳು. "ನಾನೇ ಅಳೆದಿದ್ದು. ಈ ಕೈಯಾರೆ ಅಳೆದಿದ್ದು" ಎಂದು ಚೀಲ ತಡಕಿ ಬಾಳೆನಾರು ತೆಗೆದು ತೋರಿಸಿದಳು. ಸೆಬುನ್ಯನ ಬಾಯಲ್ಲೂ ಈಗ ತಮಾಷೆ ಇರಲಿಲ್ಲ. ಅವನು ನಾರನ್ನು ನೋಡಿದ, ಮಗಳನ್ನು ನೋಡಿದ, ಹೆಂಡತಿಯ ಪಕ್ಕದಲ್ಲಿ ಕೂತ.

"ಯಾವಾಗಮ್ಮ ಅಳೆದೆ? ನಂಗೆ ಗೊತ್ತೇ ಆಗ್ಲಿಲ್ಲ" ಎಂದಳು ಮಿರೆಂಬೆ.

"ನೀನು ಮಲಗಿದ್ದೆ ಕಂದಾ. ಎಬ್ಬಿಸೋಕೆ ಮನಸ್ಸು ಬರಲಿಲ್ಲ."

ಮಿರೆಂಬೆ ಸ್ವಲ್ಪ ಯೋಚಿಸಿದಳು. ಆಮೇಲೆ ಚಾಪೆಯ ಮೇಲೆ ಮಲಗಿ, ಮೊಣಕಾಲನ್ನು ಹೊಟ್ಟೆಗೆ ಸೇರಿಸಿ, ಮುದುಡಿ ಕಣ್ಣು ಮುಚ್ಚಿಕೊಂಡಳು.

"ಈಗ ಇಡಮ್ಮ."

ನಮತೋವು ನಾರಿನ ಒಂದು ತುದಿಯನ್ನು ಹೆಗಲ ಮೇಲಿಟ್ಟಳು. ಇನ್ನೊಂದು ತುದಿ ಸರಿಯಾಗಿ ಮೊಣಕಾಲಿಗೆ ಬಂತು.

"ನೋಡಿದ್ಯಾ? ಅಳಬೇಡ, ಅಂಗಿ ಸರಿಯಾಗೇ ಇದೆ" ಎಂದಳು ಮಿರೆಂಬೆ, ಕಣ್ಣು ತೆರೆಯದೆ. "ನೀನು ಮನೆಗೆ ಬಂದಾಗೆಲ್ಲ ನಾನು ಇಷ್ಟೇ ಇರ್ತೀನಲ್ಲಮ್ಮ."