ಬಾಚಣಿಗೆ ಗೆದ್ದ ಬಡಾವಣೆಯಿಂದ ಒಂದು ಅರಿಕೆ

ಎಂಟುನೂರ ನಲವತ್ತು ಮತದಾರರ ಪೈಕಿ ನಲವತ್ತನಾಲ್ಕು ಮಂದಿಯ ಪ್ರಚಂಡ ಬೆಂಬಲದಿಂದ ಆರಿಸಿಬಂದಿರುವ, ಬಾಚಣಿಗೆ ಗುರುತಿನ ಮಾನ್ಯ ಸದಸ್ಯರೇ,

ಮೂರನೇ ಅಡ್ಡರಸ್ತೆಯ ಮೂಲೆಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿರುವ ದರ್ಜಿ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಶ್ರೀಮತಿಯವರೂ, ತಮ್ಮ ನಾಯಿಯೂ, ಮೊದಲು ಬಸ್ಸು ನಿಲ್ಲುತ್ತಿದ್ದ ಜಾಗದಲ್ಲಿ ಈಗ ನಿಲ್ಲುವ ತಮ್ಮ ಬಿಳಿ ಕಾರೂ ಸೌಖ್ಯವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಸೌಖ್ಯ ಅಷ್ಟಕ್ಕಷ್ಟೇ ಆಗಿರುವುದರಿಂದ ಈ ಪತ್ರ. ಎಲ್ಲರೂ ಓದಲೆಂದು ಇದರ ಪ್ರತಿಯೊಂದನ್ನು ಕ್ಷೌರದಂಗಡಿಯ ಕನ್ನಡಿಗೆ ಅಂಟಿಸಿದ್ದೇನೆ.

ಮೊದಲು ಅಭಿನಂದನೆ. ಓಟಿಗೆ ಮುಂಚೆ ಕೊಟ್ಟ ಮಾತನ್ನು ಗೆದ್ದ ಹನ್ನೆರಡೇ ದಿನಕ್ಕೆ ನಡೆಸಿಕೊಟ್ಟ ಮನುಷ್ಯನನ್ನು ನನ್ನ ಐವತ್ತೆಂಟು ವರ್ಷದಲ್ಲಿ ನಾನು ಕಂಡಿರಲಿಲ್ಲ. ಬಕೆಟ್ ಗುರುತಿನವರು ಇಪ್ಪತ್ತು ವರ್ಷದಿಂದ ಚರಂಡಿ ಕಟ್ಟಿಸುತ್ತಲೇ ಇದ್ದಾರೆ, ಕತ್ತರಿ ಗುರುತಿನವರು ಕಟ್ಟದ ಚರಂಡಿಗೆ ಎರಡು ಸಲ ರಿಬ್ಬನ್ ಕತ್ತರಿಸಿದ್ದಾರೆ. ತಾವಾದರೋ ಒಂದೇ ಒಂದು ಮಾತು ಕೊಟ್ಟಿರಿ: ಬೆಳಗಿನ ಆರೂ ಹತ್ತರ ಬಸ್ಸು ಬಡಾವಣೆಯೊಳಗೆ ಬಂದು ತಮ್ಮ ನಾಯಿಯ ನಿದ್ದೆ ಕೆಡಿಸದಂತೆ ಮಾಡುತ್ತೇನೆ ಎಂದು. ಮಾಡಿಯೇಬಿಟ್ಟಿರಿ. ನಾಯಿ ಈಗ ಕಾರಿನ ಮುಂದಿನ ಸೀಟಿನಲ್ಲಿ ಒಂಬತ್ತರವರೆಗೆ ಮಲಗುತ್ತದೆಂದು ಕೇಳಿ ಇಡೀ ಬಡಾವಣೆಗೆ ಸಮಾಧಾನವಾಗಿದೆ.

ಇಷ್ಟು ಸುಲಭವಾಗಿ ಗೆದ್ದದ್ದು ಹೇಗೆಂದು ತಮಗೇ ಆಶ್ಚರ್ಯವಾಗಿರಬಹುದಾದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಅರ್ಧ ಜನ ಬಕೆಟ್ಟು, ಅರ್ಧ ಜನ ಕತ್ತರಿ. ಹಿಂದಿನ ಚುನಾವಣೆಯಲ್ಲಿ ಹಾಲಿನವನೂ ಕ್ಷೌರಿಕನೂ ಕೈಕೈ ಮಿಲಾಯಿಸಿದ ಮೇಲೆ, ನಿವೃತ್ತರಾದ ಲೆಕ್ಕದ ಮೇಷ್ಟ್ರು ಒಂದು ಉಪಾಯ ಕಂಡುಹಿಡಿದರು. ಒಂದು ಬಕೆಟ್ಟಿಗೆ ಒಂದು ಕತ್ತರಿಯನ್ನು ಜೋಡಿ ಮಾಡುವುದು, ಇಬ್ಬರೂ ಹಾಕಿದರೆ ಆ ಎರಡು ಓಟು ಹೇಗೂ ಒಂದನ್ನೊಂದು ಹೊಡೆದುಹಾಕುತ್ತವೆ, ಆದ್ದರಿಂದ ಇಬ್ಬರೂ ಮನೆಯಲ್ಲಿರುವುದು. ಜಗಳವಿಲ್ಲ, ಬಿಸಿಲಿನಲ್ಲಿ ಸಾಲು ನಿಲ್ಲುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ನಾವು ಶಾಲೆಯಲ್ಲೂ ಕಂಡಿರಲಿಲ್ಲ.

ಮತದಾನದ ದಿನ ಒಬ್ಬರು ಕದ್ದು ಹೋಗದಂತೆ ಇನ್ನೊಬ್ಬರು ಕಾಯಬೇಕೆಂಬುದು ನಿಯಮವಾದ್ದರಿಂದ, ಬೆಳಗಿನಿಂದ ಸಂಜೆಯವರೆಗೆ ಬಡಾವಣೆಯ ತುಂಬ ಜನ ಇಬ್ಬಿಬ್ಬರಾಗಿ ಕೂತಿದ್ದರು. ಹಾಲಿನವನು ಬಚ್ಚಲಿಗೆ ಹೋದರೆ ಕ್ಷೌರಿಕ ಬಾಗಿಲಲ್ಲಿ ನಿಂತು, ಒಳಗಿದ್ದೀಯೇನೋ ಎಂದು ಗಳಿಗೆಗೊಮ್ಮೆ ಕೂಗುತ್ತಿದ್ದ. ಮತಗಟ್ಟೆಯ ಅಧಿಕಾರಿ ಕೂತು ಕೂತು ಬೇಸತ್ತು ನನ್ನ ಅಂಗಡಿಗೆ ಪ್ಯಾಂಟು ಕಳಿಸಿ ಸೊಂಟ ಬಿಗಿ ಮಾಡಿಸಿಕೊಂಡರು. ಜೋಡಿಗೆ ಒಪ್ಪದೆ ಉಳಿದ ಅರವತ್ತು ಮಂದಿ ಮಾತ್ರ ಹೋಗಿ ಹಾಕಿದರು: ಬಕೆಟ್ಟಿಗೆ ಮೂವತ್ತೊಂದು, ಕತ್ತರಿಗೆ ಇಪ್ಪತ್ತೊಂಬತ್ತು. ತಮ್ಮ ನೆಂಟರು, ಬಾಡಿಗೆಯವರು, ಅವರ ನೆಂಟರು ಸೇರಿ ನಲವತ್ತನಾಲ್ಕು. ಮೂರನೆಯವರೊಬ್ಬರು ನಿಂತಿದ್ದಾರೆಂಬುದು ಮೇಷ್ಟ್ರ ಸ್ಲೇಟಿನಲ್ಲೇ ಇರಲಿಲ್ಲ. ಅವರು ಈಗಲೂ ಆ ಲೆಕ್ಕವನ್ನು ಬರೆಯುತ್ತಾರೆ, ಅಳಿಸುತ್ತಾರೆ, ಯಾರ ಮುಖವನ್ನೂ ನೋಡುವುದಿಲ್ಲ.

ಈಗ ನನ್ನ ದೂರು. ನಾನು ಕತ್ತರಿ, ನನ್ನ ಹೆಂಡತಿ ಬಕೆಟ್ಟು, ನಮಗೆ ನಾವೇ ಜೋಡಿ. ಆಕೆ ದೊಡ್ಡಾಸ್ಪತ್ರೆಯ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ದುಡಿದು ಮುಖ್ಯ ಅಡುಗೆಯವಳಾಗಿದ್ದಾಳೆ, ಆ ಆರೂ ಹತ್ತರ ಬಸ್ಸಿನಲ್ಲೇ ಹೋಗುತ್ತಿದ್ದಳು. ಅಂದು ಬೆಳಿಗ್ಗೆ ಆಕೆ ಚಪ್ಪಲಿ ಮೆಟ್ಟಿಕೊಂಡು, "ರೀ, ಆ ಬಾಚಣಿಗೆಯವರು ಬಸ್ಸು ತೆಗೆಸ್ತೀನಿ ಅಂತಿದಾರೆ, ಒಂದು ಗಳಿಗೆ ಹೋಗಿ ಹಾಕಿ ಬರ್ತೀನಿ" ಅಂದಳು. ಆ ಬೋಳುತಲೆಯ ಬಾಚಣಿಗೆಗೆ ಯಾರು ಹಾಕುತ್ತಾರೆ, ಮಾತು ಕೊಟ್ಟಮೇಲೆ ಮುಗಿಯಿತು ಎಂದು ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತೆ. ತಮ್ಮ ತಲೆಯ ಬಗ್ಗೆ ಆಡಿದ ಮಾತಿಗೆ ಕ್ಷಮೆಯಿರಲಿ, ಕುರ್ಚಿಗೆ ಕ್ಷಮೆ ಆಕೆಯೇ ಕೊಡಬೇಕು, ಇನ್ನೂ ಕೊಟ್ಟಿಲ್ಲ.

ಈಗ ಆಕೆ ನೋಯುವ ಮಂಡಿಯನ್ನು ಎಳೆದುಕೊಂಡು ಹೆದ್ದಾರಿಯವರೆಗೆ ಮುಕ್ಕಾಲು ಗಂಟೆ ನಡೆಯುತ್ತಾಳೆ. ತಡವಾದದ್ದಕ್ಕೆ ಆಸ್ಪತ್ರೆಯಿಂದ ಎರಡು ನೋಟೀಸು ಬಂದಿವೆ, ಮೂರನೆಯದು ಬಂದರೆ ಕೆಲಸವಿಲ್ಲ. ಹಾಗಾಗಿ ಬಸ್ಸು ಮರಳಿ ಬರಲೆಂದು ನಾನು ಮನೆಮನೆ ತಿರುಗಿ ಹೇಳಿಬಂದು, ನನ್ನ ಅಂಗಡಿಯಲ್ಲಿ ರುಜು ಹಾಕಿಸಿದೆ. ಅಂದು ಮನೆಯಲ್ಲಿ ಕೂತಿದ್ದ ಏಳುನೂರ ಮೂವತ್ತಾರು ಮಂದಿಯೂ ತಾವೇ ಎದ್ದು ಬಂದು, ಸಾಲು ನಿಂತು, ಒಬ್ಬರನ್ನೊಬ್ಬರು ತಳ್ಳಿಕೊಂಡು ಹಾಕಿದರು. ರುಜುಗಳ ಆ ಕಟ್ಟನ್ನು ತಂದುಕೊಟ್ಟಾಗ ತಾವು ಕೈಯಲ್ಲಿ ತೂಗಿ ನೋಡಿ, "ಇಷ್ಟು ಜನ ಇದ್ದೀರೇನ್ರೀ ಇಲ್ಲಿ? ಎಣಿಸೋ ದಿನ ಕಾಣಲೇ ಇಲ್ಲವಲ್ಲ" ಅಂದಿರಿ. ಇದಕ್ಕಿಂತ ನ್ಯಾಯವಾದ ಮಾತನ್ನು ನಾನು ಯಾವ ಪಕ್ಷದವರ ಬಾಯಲ್ಲೂ ಕೇಳಿಲ್ಲ. ಹೊಟ್ಟೆ ಉರಿದದ್ದು ಬೇರೆ ವಿಷಯ.

ಆದ್ದರಿಂದ ನನ್ನ ಅರಿಕೆ ಇಷ್ಟೇ. ಬಸ್ಸನ್ನು ಮರಳಿಸಿ. ಆಗದಿದ್ದರೆ ಆಸ್ಪತ್ರೆಯನ್ನು ನಮ್ಮ ಅಡ್ಡರಸ್ತೆಗೆ ತರಿಸಿ. ಅದೂ ಕಷ್ಟವಾದರೆ ಆಕೆ ಹೋಗಿ ಮುಟ್ಟುವ ಎಂಟೂವರೆಯವರೆಗೆ ರೋಗಿಗಳು ಹಸಿಯದಂತೆ ಒಂದು ಆದೇಶ ಹೊರಡಿಸಿ, ಕೊಟ್ಟ ಮಾತು ನಡೆಸುವ ತಮ್ಮಂಥವರಿಗೆ ಅದೇನು ಮಹಾ.

ತಮ್ಮ ಗೆಲುವಿಗೆ ಕುರ್ಚಿ ಹಾಕಿಕೊಂಡು ದುಡಿದ,
ತಮ್ಮ ವಿಶ್ವಾಸಿ,
ಮೂಲೆಮನೆಯ ದರ್ಜಿ

ತಾಜಾಕಲಂ: ಈ ಪತ್ರವನ್ನು ಹೆಂಡತಿಗೆ ಓದಿ ಹೇಳಿದೆ. ಅರಿಕೆಗಿರಿಕೆ ನಿಮ್ಮ ಪಾಡಿಗೆ ಮಾಡಿಕೊಳ್ಳಿ, ಸೋಮವಾರದಿಂದ ಆರೂ ಹತ್ತಕ್ಕೆ ನಾನು ಅವರ ಕಾರಿನಲ್ಲೇ ಹೋಗ್ತೀನಿ ಅಂದಳು. ಕಾರು ನಿಂತಿರುವುದು ಬಸ್ಸಿನ ಜಾಗದಲ್ಲಿ, ಅಲ್ಲಿ ನಿಂತದ್ದನ್ನು ಹತ್ತುವುದು ಆಕೆಗೆ ಹದಿನೆಂಟು ವರ್ಷದ ಅಭ್ಯಾಸ. ಹಿಂದೆ ಇನ್ನೂ ಇಪ್ಪತ್ತೆರಡು ಮಂದಿ ಬರುತ್ತಾರೆ, ಈ ಸಲ ಯಾರೂ ಜೋಡಿ ಮಾಡಿಕೊಂಡಿಲ್ಲ. ಮಂಡಿ ಚಾಚಬೇಕಾದ್ದರಿಂದ ಆಕೆಗೆ ಮುಂದಿನ ಸೀಟೇ ಬೇಕಂತೆ. ದಯವಿಟ್ಟು ನಾಯಿಯನ್ನು ಎಬ್ಬಿಸಿ ಹಿಂದಕ್ಕೆ ಕೂರಿಸಿ.