ಕಂಡಕ್ಟರ್ ಚನ್ನೇಶನ ಐದೆಸಳಿನ ಹೂವು

ಮೂಳೆ ಮುರಿದವನಿಗೆ ಮಂಚದ ಮೇಲೆ ಮಲಗಿರುವುದು ಅಂಥ ಕಷ್ಟವಲ್ಲ. ಪಕ್ಕದಲ್ಲೇ ಕೂತ ಹೆಂಡತಿ ಎಣಿಕೆ ತಪ್ಪುವುದನ್ನು ದಿನವಿಡೀ ನೋಡುತ್ತ ಬಾಯಿ ಮುಚ್ಚಿಕೊಂಡಿರುವುದಿದೆಯಲ್ಲ, ಅದು ಕಷ್ಟ. ರಾಣೆಬೆನ್ನೂರಿನ ಚನ್ನೇಶನಿಗೆ ಬಂದೊದಗಿದ್ದು ಅದೇ ಗಂಡಾಂತರ.

ಚನ್ನೇಶ ಬಸ್ ಕಂಡಕ್ಟರ್. ಇಪ್ಪತ್ತೆರಡು ವರ್ಷ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ನಡುವೆ ಓಡಾಡಿದವನು. ಒಂದು ಕಡೆ ಮುದುಕಿಯೊಬ್ಬಳು ಕೋಳಿಗೆ ಟಿಕೆಟ್ ಯಾಕೆಂದು ಜಗಳ ತೆಗೆದಿರಲಿ, ಇನ್ನೊಂದು ಕಡೆ ಕಾಲೇಜಿನವರು ಬಾಗಿಲಲ್ಲಿ ಜೋತುಬಿದ್ದಿರಲಿ, ಬಸ್ಸಿನಲ್ಲಿ ಎಷ್ಟು ತಲೆ ಇವೆ ಎಂದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಬ್ಯಾಡಗಿ ನಿಲ್ದಾಣದಲ್ಲಿ ಒಂದು ದಿನ ಹಾಗೆಯೇ ತಲೆ ಎಣಿಸುತ್ತ ಹಿಮ್ಮುಖವಾಗಿ ಇಳಿದವನು, ಯಾರೋ ಇಳಿಸಿಟ್ಟಿದ್ದ ಮೆಣಸಿನಕಾಯಿ ಚೀಲದ ಮೇಲೆ ಕಾಲಿಟ್ಟು ಜಾರಿದ. ಎಡಗಾಲಿಗೆ ಪ್ಲಾಸ್ಟರ್ ಬಿತ್ತು. (ಒಟ್ಟು ಐವತ್ತೆಂಟು ಎಂದು ಬಿದ್ದಲ್ಲಿಂದಲೇ ಡ್ರೈವರನಿಗೆ ಕೂಗಿ ಹೇಳಿದನಂತೆ.)

ಅದೇ ದಿನಗಳಲ್ಲಿ ಅವನ ಹೆಂಡತಿ ಸುಚಿತ್ರಾ ಹಿಂದಿನ ಓಣಿಯ ನಜ್ಮಾಳ ಮನೆಗೆ ಕ್ರೋಶಾ ಕಲಿಯಲು ಹೋಗುತ್ತಿದ್ದಳು. ತುದಿಯಲ್ಲಿ ಕೊಕ್ಕೆಯಿರುವ ಒಂದು ಸೂಜಿ, ಒಂದು ಉಂಡೆ ಉಲ್ಲನ್ ದಾರ. ಇಷ್ಟಿದ್ದರೆ ಮನೆ ತುಂಬ ಸಿಂಗಾರ ಮಾಡಬಹುದೆಂದು ನಜ್ಮಾ ಹೇಳಿದ್ದಳು. ಮೊದಲ ಪಾಠ ಐದೆಸಳಿನ ಹೂವು: ದಾರದ ಕುಣಿಕೆಗಳ ಸರಪಳಿ ಹಾಕಿ, ಅದರ ಮೇಲೆ ಗಿಡ್ಡ, ಉದ್ದ ಕಂಬಗಳಂತೆ ಕುಣಿಕೆ ನಿಲ್ಲಿಸುವುದು. ಮೂರು ತಿಂಗಳಾದರೂ ಸುಚಿತ್ರಾಳ ವಿದ್ಯಾಭ್ಯಾಸ ಅಲ್ಲೇ ನಿಂತಿತ್ತು. ಕೈಯಲ್ಲಿ ದೋಷವಿರಲಿಲ್ಲ, ಬಾಯಿ ಕೈಗಿಂತ ಮುಂದೆ ಓಡುತ್ತಿತ್ತು. ಮಾತಿನ ನಡುವೆ ಲೆಕ್ಕ ತಪ್ಪಿ ಒಂದು ಹೂವಿಗೆ ನಾಲ್ಕೆಸಳು, ಇನ್ನೊಂದಕ್ಕೆ ಏಳು. ಒಂದು ಬಟ್ಟಲಿನಂತೆ ಮುದುಡಿಕೊಂಡರೆ ಮತ್ತೊಂದು ಎಲೆಕೋಸಿನಂತೆ ಉಬ್ಬಿಕೊಳ್ಳುತ್ತಿತ್ತು.

ಒಂಬತ್ತನೆಯ ದಿನ ಚನ್ನೇಶನಿಗೆ ತಡೆಯಲಾಗಲಿಲ್ಲ.

“ಎರಡ ಉದ್ದನ ಕಂಬ ಹಾಕಿದಿ. ಇನ್ನೊಂದು ಬರಬೇಕು.”

“ನೀವು ನಿಮ್ಮ ಕಾಲು ನೋಡ್ಕೋರಿ. ಇದೇನು ಬಸ್ಸಲ್ಲ.”

“ಬಸ್ಸಾಗಿದ್ರ ಇಷ್ಟೊತ್ತಿಗೆ ಚೆಕಿಂಗನಾಗ ಸಿಕ್ಕಿರತಿದ್ದಿ.”

“ಅಷ್ಟು ಗೊತ್ತಿದ್ರ ನೀವ ಮಾಡ್ರಿ, ನೋಡೂಣು,” ಎಂದು ಸುಚಿತ್ರಾ ಸೂಜಿ, ದಾರ ಎರಡನ್ನೂ ಅವನ ತೊಡೆಯ ಮೇಲೆ ಹಾಕಿ ರೊಟ್ಟಿ ಬಡಿಯಲು ಹೋದಳು.

ಚನ್ನೇಶ ಒಮ್ಮೆ ಬಾಗಿಲ ಕಡೆ ನೋಡಿದ. ಯಾರೂ ಇರಲಿಲ್ಲ. ಒಂಬತ್ತು ದಿನ ನೋಡಿ ನೋಡಿ ಬಾಯಿಪಾಠವಾಗಿದ್ದ ವಿದ್ಯೆ. ಐದು ಸರಪಳಿ ಹಾಕಿ ಉಂಗುರ ಕೂಡಿಸಿದ. ಎಸಳಿಗೊಂದು ಗಿಡ್ಡ ಕಂಬ, ಮೂರು ಉದ್ದ, ಮತ್ತೊಂದು ಗಿಡ್ಡ. ಉಂಗುರಕ್ಕೆ ಸಿಕ್ಕಿಸಿ ಮುಂದಿನ ಎಸಳು. ಮೂರು ಸಲ ಬಿಚ್ಚಿದ, ನಾಲ್ಕನೆಯ ಸಲ ನಿಂತಿತು. ಸುಚಿತ್ರಾ ರೊಟ್ಟಿ ಮುಗಿಸಿ ಕೈ ತೊಳೆದು ಬಂದಾಗ ಅವನ ಅಂಗೈಯಲ್ಲಿ ಐದೆಸಳಿನ ಕೆಂಪು ಹೂವೊಂದು ಚಪ್ಪಟೆಯಾಗಿ, ಸಭ್ಯವಾಗಿ ಕೂತಿತ್ತು.

ಅವಳು ಅದನ್ನು ಹೊಳ್ಳಿಸಿ ನೋಡಿದಳು. ಎಳೆದು ನೋಡಿದಳು. ಆಮೇಲೆ ಹಳದಿ ದಾರದ ಉಂಡೆ ತಂದು ಕೊಟ್ಟು, “ಇನ್ನೊಂದು ಮಾಡ್ರಿ,” ಎಂದಳು.

“ಮಾಡತೇನಿ. ಆದ್ರ ಇದು ಹೊಸ್ತಿಲಾ ದಾಟಬಾರದು. ಡಿಪೋದಾಗ ಗೊತ್ತಾದ್ರ ನಾ ಮತ್ತ ಬಸ್ ಹತ್ತಾಂಗಿಲ್ಲ.”

“ನಾ ಯಾರ ಮುಂದ ಹೇಳ್ಲಿ ಬಿಡ್ರಿ.”

ಹೀಗೆ ಆ ಮನೆಯಲ್ಲಿ ಗುಪ್ತ ಕೈಗಾರಿಕೆ ಆರಂಭವಾಯಿತು. ಮೊದಲು ಬಾಗಿಲಿಗೆ ಹೂವಿನ ತೋರಣ ಬಂತು. ನಂತರ ಪರದೆ ಕಟ್ಟುವ ಪಟ್ಟಿಗೊಂದು, ಬೀರುವಿನ ಕೀಲಿ ಗೊಂಚಲಿಗೊಂದು, ದಿಂಬಿನ ಚೀಲ ಹರಿದಿದ್ದ ಕಡೆ ತೂತು ಮುಚ್ಚಲು ಒಂದು. ಮಿಕ್ಸರಿನ ಮುಸುಕಿಗೆ ನಾಲ್ಕು ಮೂಲೆಗೆ ನಾಲ್ಕು. ತಲೆಪಿನ್ನಿಗೆ ಅಂಟಿಸಿದರೆ ಬಾಡದ ಮುಡಿಹೂವು, ಕೈಚೀಲಕ್ಕೆ ಹೊಲಿದರೆ ಹೊಸ ಚೀಲ. (ಪ್ಲಾಸ್ಟರಿನ ತುದಿಯಲ್ಲಿ ಇಣುಕುತ್ತಿದ್ದ ಅವನ ಹೆಬ್ಬೆರಳಿಗೂ ಒಂದು ಟೊಪ್ಪಿಗೆ ಬಂತು. ಅದರ ಮೇಲೂ ಹೂವು.)

ಕಾಲಿನ ಕ್ಷೇಮ ವಿಚಾರಿಸಲು ಬಂದ ಹೆಂಗಸರು ಕಾಲನ್ನು ಬಿಟ್ಟು ತೋರಣ ನೋಡುತ್ತಿದ್ದರು.

“ಸುಚಿತ್ರಾ, ಏನ ಕೈ ಅದಾವ ನಿನ್ನವು,” ಎನ್ನುತ್ತಿದ್ದಳು ಪಕ್ಕದ ಮನೆಯ ದ್ರಾಕ್ಷಾಯಿಣಿ, ಮಂಚದವರೆಗೂ ಕೇಳುವಂತೆ. “ಒಂದ ಎಸಳೂ ಹೆಚ್ಚುಕಮ್ಮಿ ಇಲ್ಲ.”

ಸುಚಿತ್ರಾ ನಾಚಿಕೊಂಡು ತಲೆ ತಗ್ಗಿಸುತ್ತಿದ್ದಳು. ಗೋಡೆ ಕಡೆ ತಿರುಗಿ ಮಲಗಿದ ಚನ್ನೇಶನಿಗೆ ಮೊದಲ ವಾರ ಇದು ತಮಾಷೆಯಾಗಿತ್ತು. ಎರಡನೆಯ ವಾರ ಆ ನಾಚಿಕೆ ಸ್ವಲ್ಪ ಜಾಸ್ತಿಯಾಯಿತು ಅನಿಸಿತು. ಮೂರನೆಯ ವಾರ ಗೋಡೆಯಿಂದ ಈಚೆ ಹೊರಳಿ ಅವಳನ್ನೇ ದುರುಗುಟ್ಟಿ ನೋಡಿದ. ಟಿಕೆಟ್ ತೆಗೆದುಕೊಂಡವನು ಇವನು, ಕಿಟಕಿ ಪಕ್ಕದ ಸೀಟು ಅವಳಿಗೆ.

ಆಗ ಬಂತು ಮೀನಾಕ್ಷಿಯ ಕುಬಸದ, ಅಂದರೆ ಸೀಮಂತದ, ಮಾತು. ಮೀನಾಕ್ಷಿ ದ್ರಾಕ್ಷಾಯಿಣಿಯ ಮಗಳು, ಅಗಡಿಗೆ ಕೊಟ್ಟ ಹುಡುಗಿ, ಈಗ ಏಳು ತಿಂಗಳ ಬಸುರಿ. ಹಸಿರು ಸೀರೆ, ಹಸಿರು ಬಳೆ ಎಲ್ಲ ಸಿದ್ಧವಾಗಿತ್ತು. ಆದರೆ ಹೂವಿನ ವಾಸನೆ ಮೂಗಿಗೆ ಬಡಿದರೆ ಸಾಕು, ಹುಡುಗಿಗೆ ವಾಂತಿ. ಮಲ್ಲಿಗೆ, ಸೇವಂತಿಗೆ ಯಾವುದೂ ಆಗದು. ಅವಳ ಅಜ್ಜಿ ಉಚ್ಚಂಗೆವ್ವ ಮಾತ್ರ ಪಟ್ಟು ಬಿಡಲಿಲ್ಲ.

“ಹೂ ಮುಡಿಸದ ಕುಬಸ ನಮ್ಮ ವಂಶದಾಗ ಆಗಿಲ್ಲ. ಬೋಳ ತಲೀಲೆ ಕುಂದರಸಾಕ ನಾ ಬಿಡಾಂಗಿಲ್ಲ.”

ಅಜ್ಜಿ ಊಟ ಬಿಟ್ಟಳು. ಮೊಮ್ಮಗಳು ಅತ್ತು ಕಣ್ಣು ಊದಿಸಿಕೊಂಡಳು. ನಡುವೆ ಸಿಕ್ಕ ದ್ರಾಕ್ಷಾಯಿಣಿ ಸುಚಿತ್ರಾಳ ಹತ್ತಿರ ಓಡಿಬಂದಳು. ಸುಚಿತ್ರಾ ಮಂಚದ ಕಡೆ ತಿರುಗಿಯೂ ನೋಡದೆ ಒಪ್ಪಿಕೊಂಡುಬಿಟ್ಟಳು: ಉದ್ದ ಜಡೆಗೆ, ಹಣೆಯ ದಂಡೆಗೆ, ಒಟ್ಟು ನೂರಾ ಒಂದು ಹೂವು, ಒಂಬತ್ತು ದಿನದಲ್ಲಿ.

“ನೂರಾ ಒಂದು ಅಂದ್ರ ಎರಡು ಬಸ್ಸಿನ ಮಂದಿ,” ಎಂದ ಚನ್ನೇಶ, ದ್ರಾಕ್ಷಾಯಿಣಿ ಹೋದ ಮೇಲೆ.

“ಹುಡುಗಿ ಅಳಾಕತ್ತಿದ್ಲು. ನಾ ಏನ ಅನ್ಲಿ?”

ಅವನು ದಾರದ ಚೀಲ ಹತ್ತಿರ ಎಳೆದುಕೊಂಡ. ಮೀನಾಕ್ಷಿ ಹಾವೇರಿ ಕಾಲೇಜಿಗೆ ಮೂರು ವರ್ಷ ಅವನದೇ ಬಸ್ಸಿನಲ್ಲಿ ಹೋದವಳು. ದಿನಾ ನೋಡಿದ ಮುಖವೆಂದು ಪಾಸು ಕೇಳದೆ ಬಿಟ್ಟವನಲ್ಲ. ಆದರೆ ಮಳೆ ಬಂದ ದಿನ ಅವಳು ಓಡಿ ಬರುವವರೆಗೆ ಸೀಟಿ ಊದದೆ ನಿಂತದ್ದೂ ಉಂಟು. ಬಿಳಿ ದಾರ ಮಲ್ಲಿಗೆಗೆ, ಕೇಸರಿ ದಾರ ಅಬ್ಬಲಿಗೆಗೆ. ಬೆಳಿಗ್ಗೆ ಚಹಾ ಕುಡಿದು ಕೂತರೆ ಮಧ್ಯಾಹ್ನದ ಊಟಕ್ಕೆ ಏಳುತ್ತಿದ್ದ. ಒಂದು ಎಸಳು ಸೊಟ್ಟಗಾದರೆ ಇಡೀ ಹೂವು ಬಿಚ್ಚುತ್ತಿದ್ದ. ಎಂಟನೆಯ ದಿನ ನೂರಾ ಒಂದನೆಯ ಹೂವು ಮುಗಿಯಿತು. ಪ್ಲಾಸ್ಟರೂ ಬಿಚ್ಚಿತು. ಅದರ ಜೊತೆಗೆ ಒಂದು ನಿರ್ಧಾರವೂ ಆಯಿತು: ಇನ್ನು ಸಾಕು, ಲೋಕಕ್ಕೆ ಸತ್ಯ ತಿಳಿಯಬೇಕು.

ಕುಬಸದ ದಿನ ಚನ್ನೇಶ ಕೋಲೂರಿಕೊಂಡು ಹೋದ. ನಂಬದವರ ಎದುರೇ ಹೆಣೆದು ತೋರಿಸಲು ಅಂಗಿಯ ಜೇಬಿನಲ್ಲಿ ಸೂಜಿ, ದಾರ ಇದ್ದವು. ಅವನ ಬಸ್ಸಿನ ಡ್ರೈವರ್ ಲಕ್ಷ್ಮಪ್ಪನೂ ಬಂದಿದ್ದ. ಮೀನಾಕ್ಷಿಯನ್ನು ಕರೆತಂದು ಕೂರಿಸಿದರು. ಹಣೆಯ ಮೇಲೆ ದಂಡೆ, ಬೆನ್ನ ಮೇಲೆ ಸೊಂಟದವರೆಗೆ ಇಳಿದ ಜಡೆ. ಹುಡುಗಿ ನಗುತ್ತಿದ್ದಳು. ಉಚ್ಚಂಗೆವ್ವ ಹೂವೊಂದನ್ನು ಮುಟ್ಟಿ, ಮೂಸಿ, ತಲೆಯಾಡಿಸಿದಳು. ಆರತಿಯಾಯಿತು. ಹೆಂಗಸರೆಲ್ಲ ಸುಚಿತ್ರಾಳನ್ನು ಸುತ್ತುಗಟ್ಟಿದರು.

ಚನ್ನೇಶ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಹಿಂದಿನ ದಿನವಿಡೀ ಕನ್ನಡಿಯ ಮುಂದೆ ಸಿದ್ಧಮಾಡಿದ್ದ ಭಾಷಣ.

“ಬಂಧುಗಳೇ, ಒಂದು ರಹಸ್ಯವನ್ನು ಇಂದು ಬಹಿರಂಗಪಡಿಸಬೇಕಾಗಿದೆ. ಈ ನೂರಾ ಒಂದು ಹೂವುಗಳನ್ನು ಹೆಣೆದ ಕೈಗಳು ಇವು.” ಎರಡೂ ಕೈ ಮುಂದೆ ಚಾಚಿದ. ಕೋಲು ಕೆಳಗೆ ಬಿತ್ತು.

ದ್ರಾಕ್ಷಾಯಿಣಿ ಕಡಬಿನ ತಟ್ಟೆ ಹಿಡಿದು ಹೊರಟವಳು ಅರೆಗಳಿಗೆ ನಿಂತಳು.

“ಗೊತ್ತೈತ್ರಿ ಅಣ್ಣಾರ,” ಎಂದು ಅವನ ಕೈಗೆ ಎರಡು ಕಡಬು ಇಟ್ಟಳು.

“ಗೊತ್ತೈತಿ ಅಂದ್ರ?”

“ಮೊದಲನೇ ಹೂವಿಂದ ಗೊತ್ತೈತಿ. ಸುಚಿತ್ರಾ ಅವತ್ತ ಓಣಿ ತುಂಬ ಒಯ್ದು ತೋರಿಸಿದ್ಲು. ಯಾರ ಮುಂದೂ ಹೇಳಬ್ಯಾಡ್ರಿ ಅಂತ ಮನಿಮನಿಗೆ ಹೇಳಿ ಬಂದ್ಲು.”

“ನಾ ಮೂರು ತಿಂಗಳು ಕಲಿಸೇನ್ರಿ ಆಕಿಗೆ,” ಎಂದಳು ನಜ್ಮಾ. “ಆಕಿ ಕೈ ನನಗ ತಿಳೀದನು?”

“ಮತ್ತ ನಮ್ಮ ಮನ್ಯಾಗ ನಿಂತು ಆಕಿನ್ನ ಯಾಕ ಹೊಗಳತಿದ್ರಿ?”

“ನಿಮಗ ಕೇಳ್ಲಿ ಅಂತ,” ಎಂದಳು ದ್ರಾಕ್ಷಾಯಿಣಿ. “ ಮಾರಿ ಮ್ಯಾಲ ಹೊಗಳಿದ್ರ ನೀವು ನಾಚಿ ಸೂಜಿ ಕೆಳಗ ಇಡತೀರಂತ, ಆಕೀನ ಹೇಳಿದ್ಲು.”

ಚನ್ನೇಶ ಕೊನೆಯ ಆಸರೆಯಾಗಿ ಲಕ್ಷ್ಮಪ್ಪನ ಮುಖ ನೋಡಿದ. ಲಕ್ಷ್ಮಪ್ಪ ಕಡಬು ನುಂಗಿ ಹೇಳಿದ: “ಡಿಪೋದಾಗೂ ಗೊತ್ತೈತಿ. ಸುಚಿತ್ರಾ ನಮ್ಮ ಮನಿಗೆ ಕೊಟ್ಟ ತೋರಣಾ ನಿಂದ ಅಲ್ಲನು?”

ಸಾಬೀತು ಮಾಡಲು ಸಜ್ಜಾಗಿ ಬಂದವನನ್ನು ಯಾರೂ ಸಾಕ್ಷಿ ಕೇಳಲಿಲ್ಲ. ಜೇಬಿನ ಸೂಜಿ ಎದೆಗೆ ಚುಚ್ಚುತ್ತಿತ್ತು.

“ಭಾಳ ಹಗರ ಅದಾವ್ರಿ ಕಾಕಾ,” ಎಂದಳು ಮೀನಾಕ್ಷಿ ಕೂತಲ್ಲಿಂದಲೇ. “ಒಂಚೂರೂ ತ್ರಾಸ ಇಲ್ಲ.”

ಅವನು ಬಗ್ಗಿ ಕೋಲು ಎತ್ತಿಕೊಳ್ಳುವಷ್ಟರಲ್ಲಿ ಉಚ್ಚಂಗೆವ್ವ ಅವನ ತೋಳು ಹಿಡಿದು ಕೂರಿಸಿದಳು.

“ಎಲ್ಲಾರ ಎದುರಿಗೆ ನೀನ ಒಪ್ಪಿಕೊಂಡಿ, ಚೊಲೋ ಆತು. ತೊಟ್ಟಿಲಕ್ಕ ಹಾಕೂ ದಿನ ಕೂಸಿಗೆ ಟೊಪ್ಪಿಗಿ, ಕಾಲಚೀಲ, ಹೊದಿಕಿ ಮೂರೂ ಬೇಕು.”

“ನನ್ನ ಮಗಳ ಚೀಲಕ್ಕ ಆರು ಹೂ,” ಎಂದರು ಯಾರೋ. “ನಮ್ಮ ದೇವರ ಜಗಲಿಗೆ ಒಂದು ಹಾಸು,” ಎಂದಳು ಇನ್ನೊಬ್ಬಳು. ಹಿಂದಿನಿಂದ ಯಾವುದೋ ಕೈ ನೀಲಿ ದಾರದ ಉಂಡೆಯನ್ನೇ ಮುಂದೆ ಚಾಚಿತು.

ಚನ್ನೇಶ ಹೆಂಡತಿಯ ಕಡೆ ನೋಡಿದ.

“ನನ್ನ ಯಾಕ ನೋಡತೀರಿ?” ಎಂದಳು ಸುಚಿತ್ರಾ. “‘ನಿಮಗ ಗೊತ್ತೈತಿ ಅಂತ ನಮ್ಮನಿಯವರಿಗೆ ತಿಳದ್ರ ಮಾಡೂದ ಬಿಟ್ಟ ಬಿಡತಾರ’ ಅಂತ ಹೇಳಿ ಇಷ್ಟು ದಿನ ಎಲ್ಲಾರನ್ನೂ ಬಾಗಿಲದಾಗ ತಡದಿದ್ದೆ. ಬಾಗಿಲಾ ನೀವ ತಗದ್ರಿ.”

“ಸೋಮವಾರದಿಂದ ನನಗ ಡ್ಯೂಟಿ ಐತಿ.”

“ಬ್ಯಾಡಗ್ಯಾಗ ಬಸ್ ಹೆಂಗೂ ಅರ್ಧಾ ತಾಸು ನಿಂದರತೈತಿ,” ಎಂದ ಲಕ್ಷ್ಮಪ್ಪ, ಎರಡನೆಯ ಸಲ ಕಡಬು ಹಾಕಿಸಿಕೊಳ್ಳುತ್ತ.

ಚನ್ನೇಶ ಕೈಯಲ್ಲಿದ್ದ ಕಡಬು ಮುಗಿಸಿ, ಬೆರಳು ಒರೆಸಿಕೊಂಡು, ಉಚ್ಚಂಗೆವ್ವನ ಕಡೆ ತಿರುಗಿದ.

“ಕೂಸಿನ ತಲಿ ಅಳತಿ ಎಷ್ಟು?”

“ಮೊದಲ ಹುಟ್ಟಲಿ ತಡಿಯೋ,” ಎಂದಳು ಮುದುಕಿ.