ಬರಲ್ಲಪ್ಪ ಹುಡುಕಿದ ತಜ್ಞ

ಎಲ್ಲ ಶುರುವಾದದ್ದು ಒಂದು ಮಿಕ್ಸಿಯಿಂದ. ಮದುವೆಯಾದ ಹೊಸದರಲ್ಲಿ ಅವನು ಪಕ್ಕದ ಮನೆಯವರ ಮಿಕ್ಸಿ ರಿಪೇರಿ ಮಾಡಿಕೊಟ್ಟ. ಪಾಪ, ಉಪಕಾರಕ್ಕೆಂದು ಮಾಡಿದ್ದು. ವಾರದೊಳಗೆ ಬೀದಿಯ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳೆಲ್ಲ ಅವನ ಬಾಗಿಲಲ್ಲಿ ಬಂದು ಕೂತವು. ಅವುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದ ಹೆಂಡತಿ, "ರೀ, ಇನ್ಮೇಲೆ ಯಾರು ಏನು ಕೇಳಿದ್ರೂ ನಂಗೆ ಬರಲ್ಲ ಅನ್ನೋದನ್ನ ಕಲೀರಿ" ಎಂದು ಕಟ್ಟಪ್ಪಣೆ ಮಾಡಿದಳು. ಆಳಾಗಬಲ್ಲವನು ಅರಸನಾಗಬಲ್ಲ ಎಂಬ ಗಾದೆ ಕಟ್ಟಿದವನಿಗೆ ನೆರೆಹೊರೆ ಇರಲಿಲ್ಲವೆಂದು ಕಾಣುತ್ತದೆ.

ಆಫೀಸಿನಲ್ಲೂ ಅವನು ಅದೇ ಮಂತ್ರ ಹಿಡಿದ. ಲಿಫ್ಟುಗಳನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುವ ಸಣ್ಣ ಕಂಪನಿ ಅದು. ಹಳೆಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಮೂರು ಕೋಣೆ. ಅಲ್ಲಿನ ನಿಯಮ ಒಂದೇ: ಯಾರಿಗೆ ಯಾವ ಕೆಲಸ ಬರುತ್ತದೋ ಅದು ಸಾಯುವ ತನಕ ಅವರದ್ದೇ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಒಮ್ಮೆ ಎಳೆದು ತೆಗೆದ ತಪ್ಪಿಗೆ, ಕಂಪನಿಯ ಲೆಕ್ಕ ಬರೆಯುವ ಲೆಕ್ಕದಕ್ಕ ಇವತ್ತಿಗೂ ಆ ಪ್ರಿಂಟರಿನ ಬಾಣಂತನ ಮಾಡುತ್ತಿದ್ದಾಳೆ. ಇದನ್ನು ಕಂಡ ನಮ್ಮ ನಾಯಕ ಏನು ಕೇಳಿದರೂ "ನಂಗೆ ಬರಲ್ಲಪ್ಪ" ಎಂದು ಕೈಯೆತ್ತಿ, ಕೊನೆಗೆ ಬರಲ್ಲಪ್ಪ ಎಂದೇ ಹೆಸರಾದ. ತಯಾರಾದ ಬೋರ್ಡಿಗೆ ಕರೆಂಟು ಕೊಟ್ಟು, ದೀಪ ಹತ್ತಿದರೆ 'ಸರಿ ಇದೆ' ಎಂದು ಚೀಟಿ ಅಂಟಿಸುವುದಷ್ಟೇ ಅವನ ಉದ್ಯೋಗ. ಬೋರ್ಡಿನ ಚಿಪ್‌ನೊಳಗೆ ಕೂತ ಪ್ರೋಗ್ರಾಮು ಕೂಡ ಅವನಿಗೆ ಅರ್ಥವಾಗುತ್ತದೆ ಎನ್ನುವುದು ದೇವರಿಗೂ ಹೆಂಡತಿಗೂ ಮಾತ್ರ ಗೊತ್ತಿತ್ತು.

ಆ ದಿನ ಸಂಜೆ ಏಳಕ್ಕೆ ರೈಲು. ಮಕ್ಕಳಿಗೆ ಸಮುದ್ರ ತೋರಿಸುತ್ತೇನೆಂದು ಅವನು ವರ್ಷಗಳಿಂದ ಹೇಳಿಕೊಂಡು ಬಂದಿದ್ದ. ಈ ಸಲ ಟಿಕೆಟ್ಟು ಕೈಗೆ ಬಂದ ಮೇಲೆ ಚಿಕ್ಕ ಮಗಳು ಈಜುಡುಗೆ ಹಾಕಿಕೊಂಡೇ ಮಲಗುತ್ತಿದ್ದಳು. ಬೆಳಿಗ್ಗೆ ಆಫೀಸಿಗೆ ಕಾಲಿಡುತ್ತಿದ್ದ ಹಾಗೆಯೇ ಮಾಲೀಕರು ಕರೆದರು.

"ನಾಳೆ ದೊಡ್ಡ ಗಿರಾಕಿ ಬರ್ತಿದ್ದಾರೆ ಕಣಯ್ಯ. ಅವರ ಕಟ್ಟಡಗಳಿಗೆಲ್ಲ ನಮ್ಮ ಬೋರ್ಡೇ ಹಾಕಿಸೋ ಯೋಚನೆ ಅವರದ್ದು. ನಮ್ಮ ಸ್ವಂತ ಲಿಫ್ಟೇ ಮೂರಕ್ಕೂ ನಾಲ್ಕಕ್ಕೂ ಮಧ್ಯ ಆಗಾಗ ನಿಂತು ಧ್ಯಾನ ಮಾಡ್ತಾ ಇದ್ರೆ ಏನು ತೋರಿಸ್ಲಿ?"

ಆ ಪ್ರೋಗ್ರಾಮು ಬರೆದ ಮಹಾನುಭಾವ ಕೆಲಸ ಬಿಟ್ಟು ಜೇನು ಸಾಕುತ್ತಿದ್ದ. ಎಲ್ಲವನ್ನೂ ಚಿಪ್‌ಗೆ ಮಾತ್ರ ತಿಳಿಯುವ ಯಂತ್ರಭಾಷೆಯಲ್ಲಿ, ಒಂದು ಸಾಲಿನ ವಿವರಣೆಯೂ ಇಲ್ಲದೆ ಬರೆದಿಟ್ಟು ಹೋಗಿದ್ದ. ಫೋನು ಮಾಡಿದರೆ ಜೇನಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

"ನಿನಗೇನಾದ್ರೂ ಬರುತ್ತಾ?" ಎಂದರು ಮಾಲೀಕರು.

"ನಂಗೆ ಬರಲ್ಲ ಸಾರ್."

"ಗೊತ್ತಿತ್ತು ಬಿಡು. ಹೊರಗಿಂದ ಯಾರನ್ನಾದ್ರೂ ಕಾಂಟ್ರಾಕ್ಟ್ ಮೇಲೆ ಹಿಡಿದು ತಾ. ಅವರನ್ನ ಕೆಲಸಕ್ಕೆ ಕೂರಿಸಿ ನೀನು ಸಮುದ್ರಕ್ಕಾದ್ರೂ ಹೋಗು, ಆಕಾಶಕ್ಕಾದ್ರೂ ಹೋಗು. ಯಾರೂ ಸಿಗ್ಲಿಲ್ವೋ, ರಜೆ ಇಲ್ಲ."

ಸುದ್ದಿ ಕಟ್ಟಡವಿಡೀ ಹರಡಿತು. ಲೆಕ್ಕದಕ್ಕ ತನ್ನ ಅಣ್ಣನ ಮಗನನ್ನು ಕರೆಸಿದಳು. ಅವನು ಪ್ರೋಗ್ರಾಮನ್ನು ಮೇಲಿಂದ ಕೆಳಗೆ ನೋಡಿ, "ಇದನ್ನೆಲ್ಲ ಅಳಿಸಿ ಹೊಸದಾಗಿ ಬರೆಯೋಣ ಅಂಕಲ್, ಲಿಫ್ಟಿಗೆ ಒಂದು ಆ್ಯಪ್ ಮಾಡೋಣ" ಎಂದ. ಚಿಪ್‌ನಲ್ಲಿ ಇರುವ ಜಾಗ ಒಂದು ಪುಟಕ್ಕೂ ಸಾಲದೆಂದು ತಿಳಿದ ಮೇಲೆ ಅತ್ತೆಯ ಮುಖ ನೋಡಿ ಎದ್ದು ಹೋದ. ಮೂರನೇ ಮಹಡಿಯ ಹಲ್ಲಿನ ಡಾಕ್ಟರು, ತಮ್ಮ ರೋಗಿಯೊಬ್ಬರು ಕಂಪ್ಯೂಟರಿನವರೆಂದು ಕುರ್ಚಿಯಿಂದಲೇ ಎಬ್ಬಿಸಿ ಕಳಿಸಿದರು. ಆ ರೋಗಿಯ ಅರ್ಧ ಬಾಯಿ ಮರಗಟ್ಟಿತ್ತು. ಏನು ಹೇಳಿದರೋ ಯಾರಿಗೂ ತಿಳಿಯಲಿಲ್ಲ, ಆದರೆ ಇದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಎಂಬಂತೆ ಕೆಳಗೆ ಓಡಿದರು.

ಮಧ್ಯಾಹ್ನದ ಹೊತ್ತಿಗೆ ಬರಲ್ಲಪ್ಪನ ಕಣ್ಣಮುಂದೆ ರೈಲು ಅವನನ್ನು ಬಿಟ್ಟು ಹೋಗುತ್ತಿತ್ತು. ಆಗ ಹಲ್ಲಿನ ಡಾಕ್ಟರೇ ಖುದ್ದಾಗಿ ಮೇಲೆ ಬಂದರು.

"ಒಬ್ಬರಿದ್ದಾರೆ ಕಣ್ರೀ. ಇಂಥ ಚಿಪ್ ಕೆಲಸದಲ್ಲೇ ತಲೆ ಹಣ್ಣಾದವರು. ಗಡ್ಡ ಇದೆ, ಕೈಯಲ್ಲಿ ಕರೀ ಬ್ಯಾಗ್ ಇರುತ್ತೆ. ಮೂರು ಗಂಟೆಗೆ ಬರ್ತೀನಿ ಅಂದಿದ್ದಾರೆ."

ಬರಲ್ಲಪ್ಪ ಅವರ ಕೈ ಹಿಡಿದು ಅಲ್ಲಾಡಿಸಿ, ಮೆಟ್ಟಿಲಿಳಿದು ಓಡಿ, ಬಾಗಿಲು ಕಾಯುವ ತಾತನಿಗೆ ಹೇಳಿದ: "ಗಡ್ಡದವರೊಬ್ಬರು ಕರೀ ಬ್ಯಾಗ್ ಹಿಡ್ಕೊಂಡು ಬರ್ತಾರೆ. ಮರ್ಯಾದೆಯಿಂದ ಮೇಲಕ್ಕೆ ಕಳಿಸು ತಾತ."

ತಾತ ಮರ್ಯಾದೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ದೊಡ್ಡವರನ್ನು ನಾಲ್ಕು ಮಹಡಿ ಹತ್ತಿಸುವುದು ಯಾವ ಮರ್ಯಾದೆ? ಅವನು ಲಿಫ್ಟಿನ ಮೇಲೆ ನೇತುಹಾಕಿದ್ದ 'ಕೆಟ್ಟಿದೆ' ಎಂಬ ಫಲಕವನ್ನು ತೆಗೆದು ಕುರ್ಚಿಯ ಕೆಳಗೆ ಇಟ್ಟ.

ಮೂರು ಗಂಟೆಗೆ ಸರಿಯಾಗಿ ಲಿಫ್ಟು ಗರ್ರ್ ಎಂದು ಮೇಲೆ ಹೊರಟು, ಮೂರನೇ ಮಹಡಿ ದಾಟಿ, ನಿಂತುಬಿಟ್ಟಿತು. ಒಳಗಿಂದ ಧಬಧಬ ಬಡಿಯುವ ಸದ್ದು. ಕೆಳಗಿಂದ ತಾತ ಕೂಗಿದ: "ಗಡ್ಡದವರನ್ನ ಕಳಿಸಿದ್ದೀನಿ! ಬಂದ್ರಾ?"

ಬರಲ್ಲಪ್ಪ ಲಿಫ್ಟಿನ ಬಾಗಿಲಿಗೆ ಓಡಿದ. ಬರಗಾಲದಲ್ಲಿ ಅಧಿಕಮಾಸ ಎಂದರೆ ಇದೇ. ಲಿಫ್ಟನ್ನು ಸರಿಮಾಡಬಲ್ಲ ಏಕೈಕ ಮನುಷ್ಯ ಲಿಫ್ಟಿನಲ್ಲೇ ಸಿಕ್ಕಿಬಿದ್ದಿದ್ದಾನೆ. ಕೈಯಿಂದ ತಿರುಗಿಸಿ ಇಳಿಸೋಣವೆಂದರೆ ತಾರಸಿಯ ಮೋಟಾರು ಕೋಣೆಯ ಬೀಗದ ಕೈ ಕಟ್ಟಡದ ಒಡೆಯನ ಜೇಬಿನಲ್ಲಿ, ಒಡೆಯ ಯಾವುದೋ ಮದುವೆಯಲ್ಲಿ. ಕ್ಷಣದಲ್ಲಿ ಜನ ಸೇರಿತು. ಬರಲ್ಲಪ್ಪ ಲ್ಯಾಪ್‌ಟಾಪ್ ತಂದು ಲಿಫ್ಟಿನ ಪಕ್ಕದ ಪೆಟ್ಟಿಗೆಗೆ ವೈರು ಸಿಕ್ಕಿಸಿ ನೆಲದ ಮೇಲೆ ಕೂತ. ಲೆಕ್ಕದಕ್ಕ ಬೋರಲು ಮಲಗಿ ಬಾಗಿಲಿನ ಸಂದಿಗೆ ಬಾಯಿಟ್ಟಳು.

"ಸಾರ್ ಹೆದರ್ಬೇಡಿ! ನೀವು ಹೇಳಿದ ಹಾಗೆ ಇಲ್ಲಿ ಮಾಡ್ತಾರೆ!"

"ಏನಾದ್ರೂ ಮಾಡಿ! ಬೇಗ ಮಾಡಿ!" ಎಂದಿತು ಒಳಗಿನ ದನಿ.

ಬರಲ್ಲಪ್ಪ ಪ್ರೋಗ್ರಾಮಿನ ಮೇಲೆ ಬೆರಳಾಡಿಸಿದ. "ಅಕ್ಕಾ, ಕೇಳಿ. ಲಿಫ್ಟು ಮಹಡಿ ಎಣಿಸ್ತಾ ಇರುವಾಗಲೇ ಬಾಗಿಲು ಅಲುಗಾಡಿದ ಸುದ್ದಿ ಬಂದ್ರೆ ಎಣಿಕೆ ತಪ್ಪಿ ಹೋಗುತ್ತೆ. ಅದೇ ಅಲ್ವಾ ಕಾರಣ?"

"ಅಂದ್ರೆ ನಾನು ಲೆಕ್ಕ ಕೂಡಿಸ್ತಿರುವಾಗ ನೀವು ಬಂದು ಪ್ರಿಂಟರ್ ಕೆಟ್ಟಿದೆ ಅನ್ನೋ ಹಾಗೆ" ಎಂದಳು ಲೆಕ್ಕದಕ್ಕ, ಮತ್ತು ಸಂದಿಯಲ್ಲಿ ಕೂಗಿದಳು.

"ಹೌದೌದು! ಅದೇ! ಅದೇ!" ಎಂದಿತು ದನಿ.

ಬರಲ್ಲಪ್ಪನಿಗೆ ಆನೆಬಲ ಬಂತು. "ಎಣಿಸಿ ಮುಗಿಯೋ ತನಕ ಬಾಗಿಲಿನ ಸುದ್ದೀನ ತಡೆದು ನಿಲ್ಲಿಸ್ಲಾ?"

"ನಿಲ್ಲಿಸಿ! ನಿಲ್ಲಿಸಿ!"

"ಚಿಪ್‌ನಲ್ಲಿ ಜಾಗ ಇಲ್ಲ ಸಾರ್. ಮೇಲೆ ಬಂದಾಗ ಗಂಟೆ ಹೊಡೆಯುತ್ತಲ್ಲ, ಅದನ್ನ ಕಿತ್ತು ಅಲ್ಲಿ ಬರೀಲಾ?"

"ಅಯ್ಯೋ ಕೀಳ್ರೀ! ಎಲ್ಲಾ ಕೀಳ್ರೀ!"

ಎಂಥ ಗುರು! ಒಂದು ಅಕ್ಷರವನ್ನೂ ನೋಡದೆ, ಕತ್ತಲಲ್ಲಿ ತೂಗಾಡುತ್ತ, ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ. ಬರಲ್ಲಪ್ಪ ಗಂಟೆಯನ್ನು ಕಿತ್ತ, ಹೊಸದನ್ನು ತುಂಬಿದ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದ. ಲಿಫ್ಟು ಒಮ್ಮೆ ಕೊಸರಾಡಿ, ಮೇಲೆದ್ದು, ಗಂಟೆ ಹೊಡೆಯದೆ ನಾಲ್ಕನೇ ಮಹಡಿಯ ನೆಲಕ್ಕೆ ಸರಿಸಮನಾಗಿ ಬಂದು ನಿಂತಿತು. ಚಪ್ಪಾಳೆಯೋ ಚಪ್ಪಾಳೆ.

ಬಾಗಿಲು ತೆರೆಯಿತು. ಗಡ್ಡ, ಕರೀ ಬ್ಯಾಗು, ಬೆವರು. ಬರಲ್ಲಪ್ಪ ಅವರ ಎರಡೂ ಕೈ ಹಿಡಿದುಕೊಂಡ. "ಸಾರ್, ನೀವು ಹೇಳಿಕೊಟ್ಟಿದ್ದಕ್ಕೇ ಆಯ್ತು!"

"ನಾನೇನ್ರೀ ಹೇಳಿಕೊಟ್ಟೆ? ಹೊರಗೆ ಬಿಟ್ರೆ ಸಾಕು ಅಂತ ಎಲ್ಲದಕ್ಕೂ ಹ್ಞೂ ಅಂದೆ."

ಆಗಷ್ಟೇ ಮೆಟ್ಟಿಲು ಹತ್ತಿ ಬಂದ ಮಾಲೀಕರು ಅಲ್ಲೇ ಗರಬಡಿದು ನಿಂತರು. "ಅಯ್ಯೋ, ತಾವು ನಾಳೆ ತಾನೇ ಬರ್ಬೇಕಿದ್ದಿದ್ದು!"

"ಹೇಳದೆ ಬಂದ್ರೆ ನಿಮ್ಮ ಲಿಫ್ಟಿನ ನಿಜ ಗೊತ್ತಾಗುತ್ತೆ ಅಂತ ಇವತ್ತೇ ಬಂದೆ" ಎಂದರು ಗಿರಾಕಿ, ಮುಖ ಒರೆಸಿಕೊಳ್ಳುತ್ತ. "ಗೊತ್ತಾಯ್ತು. ಕೆಡದೇ ಇರೋ ಲಿಫ್ಟು ಯಾರ ಹತ್ರಾನೂ ಇಲ್ಲ ಬಿಡಿ. ಆದ್ರೆ ನಿಂತ ನಿಲುವಿನಲ್ಲಿ ಸರಿ ಮಾಡೋ ಇಂಥ ಮನುಷ್ಯ ಎಲ್ಲೂ ಇಲ್ಲ. ಬೋರ್ಡು ತಗೋತೀನಿ. ಒಂದೇ ಷರತ್ತು, ಪ್ರತಿಯೊಂದನ್ನೂ ಇವರೇ ಬಂದು ಕೂರಿಸ್ಬೇಕು. ನಾಳೆಯಿಂದಲೇ."

"ನಂಗೆ... ನಂಗೆ ಬರಲ್ಲ ಸಾರ್!" ಎಂದ ಬರಲ್ಲಪ್ಪ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಲೀಕರಂತೂ ಇಷ್ಟು ವಿನಯವಂತನನ್ನು ತಾವು ಕಂಡೇ ಇಲ್ಲವೆಂದು ಅವನ ಬೆನ್ನು ತಟ್ಟಿದರು.

ಗುಂಪಿನ ಹಿಂದೆ ಇನ್ನೊಂದು ಗಡ್ಡ, ಇನ್ನೊಂದು ಕರೀ ಬ್ಯಾಗು ಗೋಡೆಗೊರಗಿ ನಿಂತಿದ್ದವು. ನಿಜವಾದ ತಜ್ಞರು. ಬರಲ್ಲಪ್ಪ ಓಡಿಹೋಗಿ ಅವರನ್ನು ಹಿಡಿದುಕೊಂಡ. "ಸಾರ್, ನೀವಾದ್ರೂ ಹೇಳಿ! ಇದು ನೀವು ಮಾಡೋ ಕೆಲಸ ಅಂತ!"

"ನಿಮಗಿಂತ ಚೆನ್ನಾಗಿ ನಾನು ಏನು ಮಾಡ್ಲಿ?" ಎಂದರು ತಜ್ಞರು ಶಾಂತವಾಗಿ. "ನಾನು ಎಲ್ಲಿ ಹೋದ್ರೂ ಮೆಟ್ಟಿಲು ಹತ್ತಿಕೊಂಡು ನಿಧಾನವಾಗೇ ಬರೋದು ಕಣ್ರೀ. ಅಷ್ಟರಲ್ಲಿ ಬಹಳ ಕಡೆ ಅವರವರೇ ಸರಿ ಮಾಡ್ಕೊಂಡಿರ್ತಾರೆ." ಅವರು ಲಿಫ್ಟಿನ ಕಡೆ ನೋಡಿ, ಸ್ವಲ್ಪ ಯೋಚಿಸಿ, ಮೆಟ್ಟಿಲಿಳಿದೇ ಹೊರಟುಹೋದರು.

ಬರಲ್ಲಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ. ಹಿಂದೆ ಮಕ್ಕಳು ಕುಣಿದಾಡುವ ಸದ್ದು.

"ರೀ, ಬ್ಯಾಗ್ ಎಲ್ಲಾ ಕಟ್ಟಿ ಆಯ್ತು. ಆ ಕೆಲಸದವರು ಸಿಕ್ಕಿದ್ರಾ?"

"ಸಿಕ್ಕಿದ್ರು ಕಣೇ."

"ಸದ್ಯ! ಕೆಲಸ ಗೊತ್ತಿರೋರು ತಾನೇ?"

"ಚೆನ್ನಾಗೇ ಗೊತ್ತಿದೆಯಂತೆ. ಎಲ್ಲರೂ ಹಾಗೇ ಹೇಳ್ತಿದ್ದಾರೆ."

"ಮತ್ತಿನ್ನೇನು, ಅವರ ಕೈಗೆ ಒಪ್ಪಿಸಿ ಹೊರಡಿ ಬೇಗ."

"ಅದೇ ಆಗ್ತಿಲ್ಲ ಕಣೇ. ಎಲ್ಲಿ ಹೊರಟ್ರೂ ಆ ಮನುಷ್ಯ ನನ್ನ ಜೊತೆಗೇ ಬರ್ತಾನೆ."

ಆ ಕಡೆ ಚಿಕ್ಕವಳು "ಅಪ್ಪ ಹೊರಟ್ರಾ?" ಎಂದು ಕೇಳುತ್ತಿರುವುದು ಕೇಳಿಸಿತು. ಆಮೇಲೆ ಹೆಂಡತಿ ಬಹಳ ಮೆಲ್ಲಗೆ ಕೇಳಿದಳು:

"ರೀ... ಬರುತ್ತೆ ಅಂತ ತೋರಿಸ್ಕೊಂಡುಬಿಟ್ರಾ?"